ಹಸಿರು ದೀಪದ ಪರೀಕ್ಷೆ

ನೂರನೆಯ ಬೋರ್ಡಿಗೂ ಹಸಿರು ದೀಪ ಹತ್ತಿದಾಗ ಎಂಜಿನಿಯರ್ ಕೌಶಿಕ ಹೊಸ ಕಂಪ್ಯೂಟರನ್ನು ತಟ್ಟಿ, ರತ್ನಾಬಾಯಿಯತ್ತ ನೋಡಿ ನಕ್ಕ. "ಇನ್ನ ಮಗ್ಗ ಯಾಕ ಬೇಕ್ರಿ ಬಾಯಿ? ನೂಲು ಹರಿದಂಗ ಸುಳ್ಳು ಸಿಗ್ನಲ್ ಇದೇ ಕಳಸ್ತದ. ಬೋರ್ಡ್ ಮಗ್ಗ ನಿಲ್ಲಸ್ತದೋ ಇಲ್ಲೋ, ಇದೇ ನೋಡ್ತದ. ನಾಳಿಂದ ನೀವು ಬರೂದು ಬ್ಯಾಡ."

ನೂಲು ಹರಿದೊಡನೆ ಮಗ್ಗ ನಿಲ್ಲಿಸುವ ಬೋರ್ಡು ತಯಾರಿಸುವ, ವಿಜಾಪುರ ರಸ್ತೆಯ ಆ ಕಾರ್ಖಾನೆಯಲ್ಲಿ ರತ್ನಾಬಾಯಿ ಒಂಬತ್ತು ವರ್ಷ ಪ್ರತಿ ಬೋರ್ಡನ್ನೂ ನಿಜವಾದ ಮಗ್ಗಕ್ಕೆ ಜೋಡಿಸಿ, ಕೈಯಾರೆ ನೂಲು ಹರಿದು ನೋಡಿದವಳು. ಮಾಲೀಕ ಮಲಕಾಜಪ್ಪ ಅವಳ ಮುಖ ನೋಡದೆ, "ಜಮಾನಾ ಬದಲಾಗೇದ ಬಾಯಿ" ಎಂದ.

ರತ್ನಾಬಾಯಿ ಕಂಪ್ಯೂಟರಿಗೆ ಜೋಡಿಸಿದ್ದ ಬೋರ್ಡನ್ನು ಕಿತ್ತು ಮಾಲೀಕನ ಕೈಗಿಟ್ಟು ಕೌಶಿಕನತ್ತ ತಿರುಗಿದಳು. "ಈಗ ಪರೀಕ್ಷಾ ಮಾಡ್ರಿ ಸಾಹೇಬ್ರ."

"ಬೋರ್ಡೇ ಇಲ್ಲಲ್ಲ, ಏನ್ ಮಾಡ್ಲಿ?" ಎಂದ ಕೌಶಿಕ.

"ಬಟನ್ ಒತ್ರಿ. ಎಲ್ಲಾ ಬಲ್ಲ ನಿಮ್ಮ ಶಾಣ್ಯಾ ಕಂಪ್ಯೂಟರ್ ಏನಂತಾನ ಕೇಳೂಣು."

ಒತ್ತಿದ. ಬೋರ್ಡಿನಿಂದ ಕರೆಂಟು ಬರದಿದ್ದರೆ ಮಗ್ಗ ನಿಂತಂತೆ, ಬೋರ್ಡು ಸರಿಯಿದ್ದಂತೆ ಎಂದು ಕಂಪ್ಯೂಟರಿಗೆ ಕಲಿಸಿದವನು ಅವನೇ. ಇಲ್ಲದ ಬೋರ್ಡಿನಿಂದ ಕರೆಂಟು ಬರಲಿಲ್ಲ. ಹಸಿರು ದೀಪ ಹತ್ತಿತು.

ಮಲಕಾಜಪ್ಪ, ಹಸಿರು ದೀಪ ಕಂಡ ಬೋರ್ಡುಗಳನ್ನು ತುಂಬಿಕೊಂಡು ಅಕ್ಕಲಕೋಟೆಗೆ ಹೊರಟಿದ್ದ ಡಬ್ಬಿಗಳತ್ತ ತಿರುಗಿದ. "ಎಲ್ಲಾ ಬಿಚ್ಚು ಕೌಶಿಕ. ಒಂದೊಂದೇ ಮಗ್ಗಕ್ಕ ಹಚ್ಚೂಣು. ಬಾಯಿ ನೂಲು ಹರೀತಾರ, ನೀ ಗಂಟು ಹಾಕು."