ಯಜಮಾನನ ಕೆಮ್ಮು

ಮಧ್ಯಾಹ್ನ ಊಟಕ್ಕೆ ಬಂದ ಬಸವಣಪ್ಪ ಮನೆಯ ಬಾಗಿಲಲ್ಲಿ ನಿಂತು ಎಂದಿನಂತೆ ಕೆಮ್ಮಿದ. ಮಾವ ಕೆಮ್ಮಬೇಕು, ಸೊಸೆ ಸೆರಗು ಹೊದ್ದು ಒಳಗೆ ಸರಿಯಬೇಕು, ಆಮೇಲೆ ಮಾವ ಹೊಸ್ತಿಲು ದಾಟಬೇಕು. ಬಸವಕಲ್ಯಾಣದ ಆ ಓಣಿಯಲ್ಲಿ ಅದೇ ರಿವಾಜು. ಇವತ್ತು ಒಳಗೆ ಯಾರೂ ಸರಿದ ಸದ್ದಾಗಲಿಲ್ಲ.

“ಅತ್ತಿ, ಬಿಸಿನೀರು ಥರ್ಮಾಸಿನ್ಯಾಗ ಅದ, ಕುಡೀರಿ,” ಒಳಗಿನಿಂದಲೇ ಎಂದಳು ಸೊಸೆ ಪೂನಂ.

ಬಸವಣಪ್ಪ ಇನ್ನೂ ಗಡುಸಾಗಿ ಕೆಮ್ಮಿದ.

“ಹಾಂ, ಹಂಗ! ಜರಾ ಬಗ್ಗಿ ಕೆಮ್ಮರಿ ಅತ್ತಿ, ಕಫ ಬರ್ತದ.”

ಇಣುಕಿದ. ಸೊಸೆಯ ತಲೆಗೆ ಮೆಹಂದಿ, ಮೈಮೇಲೆ ನೈಟಿ, ಕೈಯಲ್ಲಿ ಮೊಬೈಲ್. ಏನೂ ನೋಡಲಿಲ್ಲವೆಂಬಂತೆ ಹಿಂದೆ ಸರಿದ. ಸೊಸೆಯೊಡನೆ ನೇರ ಮಾತಾಡುವುದು ಮಾವನಿಗೆ ಶೋಭೆಯಲ್ಲ. ಅವಳು ಮನೆಗೆ ಬಂದು ವರ್ಷವಾದರೂ ಅವನು ಒಂದು ಮಾತೂ ಆಡಿರಲಿಲ್ಲ. ಹೆಂಡತಿ ತುಳಜಾಬಾಯಿ ಗಿರಣಿಯಿಂದ ಹಿಟ್ಟು ತರುವವರೆಗೆ, ಮುಕ್ಕಾಲು ಗಂಟೆ, ಪಾತ್ರೆ ಅಂಗಡಿಯ ಮಾಲೀಕ ತನ್ನದೇ ಗೋಡೆಗೆ ಒರಗಿ ಬಿಸಿಲಲ್ಲಿ ನಿಂತ.

“ಒಳಗ್ಯಾಕ ಹೋಗಿಲ್ರಿ?” ಎಂದಳು ಅವಳು, ಕೆಮ್ಮುತ್ತ.

“ನೀ ಎಲ್ಲಿ ಹೋಗಾಕ ಬಿಟ್ಟಿ? ದಿನಾ ಕೆಮ್ಮಿ ಕೆಮ್ಮಿ ನನ್ನ ಕೆಮ್ಮಿಗಿ ಈ ಮನ್ಯಾಗ ಇಜ್ಜತ್ತೇ ಇಲ್ಲದಂಗ ಮಾಡಿಟ್ಟಿ!”

ಎಂಟು ತಿಂಗಳಿಂದ ಅವಳು ಡಾಕ್ಟರ ಹತ್ತಿರ ಹೋಗೋಣವೆಂದಾಗಲೆಲ್ಲ ಅವನು ಒಂದು ಲವಂಗ ಕೊಡುತ್ತಿದ್ದ. ಮರುದಿನ ಮೊದಲ ಬಸ್ಸಿಗೇ ಅವಳನ್ನು ಹುಮನಾಬಾದಿನ ದವಾಖಾನೆಗೆ ತಾನೇ ಕರೆದುಕೊಂಡು ಹೊರಟ.

“ಎಷ್ಟು ದಿನದಿಂದ?” ಎಂದು ಕೇಳಿದಳು ಡಾಕ್ಟರ್ ಗಜಾಲಾ.

“ನಿನ್ನೆ ಮಧ್ಯಾಹ್ನದಿಂದ್ರಿ,” ಎಂದ ಬಸವಣಪ್ಪ.

“ಎಂಟು ತಿಂಗಳಾತ್ರಿ,” ಎಂದಳು ತುಳಜಾಬಾಯಿ.

ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. “ಕಾಕಾ, ಹಿಂಗ ತಿಂಗಳಗಟ್ಟಲೆ ಕೆಮ್ಮೋರು ನನ್ನ ಹತ್ರ ಮೂರು ಮಂದಿ ಬಂದ್ರ ಇಬ್ಬರು ಹೆಂಗಸರೇ,” ಎಂದಳು ಗಜಾಲಾ. “ಹೆಂಗಸರ ಗಂಟಲು ಭಾಳ ನಾಜೂಕ. ಅದೇ ಒಗ್ಗರಣಿ ಘಾಟಿಗಿ ನೀವು ಒಮ್ಮೆ ಕೆಮ್ಮಿದ್ರ ಕಾಕಿ ಇಪ್ಪತ್ತು ಸಲ ಕೆಮ್ಮತಾರ. ಔಷಧ ಬರದುಕೊಡ್ತೀನಿ, ಆದ್ರ ಟೈಮ್ ಹಿಡೀತದ.”

“ಪೂರಾ ನಿಲ್ಲಬೇಕಂತ ಏನಿಲ್ರಿ,” ಬಸವಣಪ್ಪ ಮುಂದೆ ಬಾಗಿದ. “ಜರಾ ತೆಳ್ಳಗ ಆದ್ರ ಸಾಕು. ಕೇಳಿದವರಿಗಿ ಹೆಣ್ಮಗಳ ಕೆಮ್ಮು ಅಂತ ಗೊತ್ತಾಗಬೇಕು ನೋಡ್ರಿ.”

ಗಜಾಲಾ ಪೆನ್ನು ಕೆಳಗಿಟ್ಟಳು. ಅವನ ಎದೆಗೆ ಸ್ಟೆಥಾಸ್ಕೋಪ್ ಹಚ್ಚಿದಳು. “ನೀವೂ ಒಮ್ಮೆ ಕೆಮ್ಮರಿ.”

ಮೂವತ್ತು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿ ಅವನು ಕೆಮ್ಮಿದ.

“ಎದಿ ಬಿಲ್ಕುಲ್ ಸಾಫ್ ಅದ. ಏನೂ ಇಲ್ಲದ ಯಾಕ ಕೆಮ್ಮತೀರಿ?”

“ನಾ ಯಜಮಾನ ಇದೀನ್ರಿ.”

ತುಳಜಾಬಾಯಿಗೆ ನಗು ಬಂತು. ನಗು ಕೆಮ್ಮಾಯಿತು. ಎರಡರ ನಡುವೆ ಉಸಿರು ಸಿಕ್ಕಾಗಲೆಲ್ಲ ಅವಳು ನಿನ್ನೆಯ ಕಥೆಯನ್ನು ತುಂಡುತುಂಡಾಗಿ ಹೇಳಿ ಮುಗಿಸಿದಳು.

“ಹಂಗಾದ್ರ ಕಾಕಿ ಗುಣ ಆಗೋತನಕ ಬಾಯಿಲೆ ಹೇಳ್ರಿ ಕಾಕಾ,” ಎಂದಳು ಗಜಾಲಾ. “‘ನಾ ಬಂದೀನಿ’ ಅಂತ. ಎರಡೇ ಮಾತು.”

ವಾಪಸು ಬರುವಾಗ ಬಸವಣಪ್ಪ ಬಸ್ಸಿನಲ್ಲಿ ಆ ಎರಡು ಮಾತನ್ನು ತುಟಿಯಲ್ಲೇ ರೂಢಿ ಮಾಡಿದ. ಮುಂದಿನ ಸೀಟಿನವನು ಎರಡು ಸಲ ತಿರುಗಿ ನೋಡಿ ಬೇರೆ ಕಡೆ ಹೋಗಿ ಕುಳಿತ. ಊರು ಮುಟ್ಟಿದೊಡನೆ ಹೆಂಡತಿಯನ್ನು ಔಷಧದ ಅಂಗಡಿಯಲ್ಲಿ ಬಿಟ್ಟು, ಧೈರ್ಯ ಇಳಿಯುವ ಮೊದಲೇ ಮನೆಗೆ ಬಂದ. ಬಾಗಿಲು ಅರ್ಧ ತೆರೆದಿತ್ತು. ಗಂಟಲಿಗೆ ಬಂದ ಕೆಮ್ಮನ್ನು ನುಂಗಿಕೊಂಡ.

“ಪೂನಂ... ನಾ ಬಂದೀನಿ.”

ದನಿ ಅವನಿಗೇ ಗುರುತು ಸಿಗದಷ್ಟು ಸಣ್ಣಗೆ, ಮೆತ್ತಗೆ ಬಂತು.

ಒಳಗೆ ಮೊಬೈಲಿನ ಹಾಡು ನಿಂತಿತು. ಯಾರೋ ಓಡಿ ಬಂದರು. ಬಾಗಿಲು ಧಡ್ ಎಂದು ಮುಚ್ಚಿ ಚಿಲಕ ಬಿತ್ತು.

“ಯಾರಲೇ ಅದು, ಹೆಸರು ಹಿಡಿದು ಕರಿಯಾವ? ನಮ್ಮ ಮಾವಾರು ಬರೋ ಹೊತ್ತಾಗ್ಯದ, ಹುಷಾರ್!”

ಎರಡು ಮಾತು ಮುಗಿದಿದ್ದವು. ಮೂರನೆಯದು ಏನೆಂದು ಬಸವಣಪ್ಪನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಷ್ಟರಲ್ಲಿ ಔಷಧದ ಚೀಲ ಹಿಡಿದು ಬರುತ್ತಿದ್ದ ತುಳಜಾಬಾಯಿ ಓಣಿಯ ತಿರುವಿನಲ್ಲಿ ನಿಂತು, ಎದೆ ತುಂಬ ಕೆಮ್ಮಿದಳು.

ಒಳಗೆ ಪೂನಂಳ ದನಿಗೆ ಬಲ ಬಂತು.

“ಕೇಳ್ತಿಲ್ಲೋ? ಬಂದ್ರು ನೋಡು ನಮ್ಮ ಮಾವಾರು!”