ಎಣ್ಣೆ ಡಬ್ಬಿಯ ಮಹಾಯುದ್ಧ

ಹೊಲಿಗೆ ಯಂತ್ರದ ಎಣ್ಣೆ ಡಬ್ಬಿ ಹಿಡಿದು ಒಂದು ಕೋಟಿ ಸೈನಿಕರನ್ನು ಓಡಿಸಿದ ಟೈಲರ್ ಈ ಭೂಮಿಯ ಮೇಲೆ ಒಬ್ಬನೇ ಇದ್ದಾನೆ. ಅವನೇ ನಾನು. ಕೋಟಿ ಅಂದದ್ದು ಕೂಡ ಸಂಕೋಚಕ್ಕೆ. ಎಣಿಸಲು ಕೂತಿದ್ದರೆ ಇನ್ನೂ ಎಣಿಸುತ್ತಲೇ ಇರುತ್ತಿದ್ದೆ.

ಇವತ್ತು ಮಧ್ಯಾಹ್ನ, ಮನೆಯ ಮುಂದಿನ ಕೋಣೆಯಲ್ಲೇ ಇರುವ ನನ್ನ ಅಂಗಡಿಗೆ ಒಬ್ಬ ಮದುಮಗ ಸೂಟು ಹೊಲಿಸಲು ಬಂದಿದ್ದ. ಬಟ್ಟೆ ಆರಿಸಲು ಒಂದು ಗಂಟೆ ತಿಂದು, ಕೊನೆಗೆ ಎರಡೂ ಕೈ ಅಗಲಿಸಿ ಅಳತೆಗೆ ನಿಂತ. ಅವನ ಎದೆಗೆ ಟೇಪು ಸುತ್ತುವಾಗ ಕಂಕುಳ ಸಂದಿಯಿಂದ ನನಗೆ ಆ ದೃಶ್ಯ ಕಂಡಿತು. ಗೋಡೆಯ ಬಿರುಕಿನಿಂದ ಹೊರಟ ಕೆಂಪು ದಾರದಂಥ ಸಾಲೊಂದು ನೆಲ ದಾಟಿ, ಮೇಜಿನ ಕಾಲು ಹತ್ತಿ, ನನ್ನ ಹೆಂಡತಿಯ ಗಾಜಿನ ಪೆಟ್ಟಿಗೆಯ ಮುಚ್ಚಳದ ಸಂದಿಗೆ ನುಗ್ಗುತ್ತಿತ್ತು.

ಆ ಪೆಟ್ಟಿಗೆಯಲ್ಲಿರುವುದು ಅವಳ ಸಾಕು ಇರುವೆಗಳು. ಬೇರೆಯವರ ಹೆಂಡತಿಯರು ಗಿಣಿ ಸಾಕುತ್ತಾರೆ, ಬೆಕ್ಕು ಸಾಕುತ್ತಾರೆ. ನನ್ನವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ರೆಕ್ಕೆ ಉದುರಿಸಿಕೊಂಡು ಕಿಟಕಿಯಲ್ಲಿ ಅಲೆಯುತ್ತಿದ್ದ ಕಪ್ಪು ರಾಣಿಯೊಂದನ್ನು ಗಾಜಿನ ನಳಿಕೆಗೆ ಇಳಿಸಿ, ವರ್ಷವಿಡೀ ಜತನ ಮಾಡಿ ಅದರ ಸಂಸಾರ ಬೆಳೆಸಿದ್ದಳು. ನಳಿಕೆ ಈಗ ಪೆಟ್ಟಿಗೆಯೊಳಗೆ ಅಡ್ಡ ಮಲಗಿದೆ. ರಾಣಿ, ಮೊಟ್ಟೆ, ಮರಿ ಎಲ್ಲ ಅದರಲ್ಲೇ. ಮನೆಗೆ ಬಂದ ಇರುವೆಯನ್ನು ಜನ ಗುಡಿಸಿ ಹಾಕುತ್ತಾರೆ, ನೀನು ಬಾಡಿಗೆಯಿಲ್ಲದೆ ಕೂರಿಸಿಕೊಂಡಿದ್ದೀಯಲ್ಲ ಎಂದು ನಾನು ದಿನಾ ರೇಗಿಸುವುದುಂಟು. ರಾಣಿ ಸತ್ತರೆ ಅಲ್ಲಿಗೆ ಎಲ್ಲ ಮುಗಿಯಿತು ಎಂಬುದು ಮಾತ್ರ ನನಗೂ ಗೊತ್ತಿತ್ತು.

ಮದುಮಗನನ್ನು ಹಾಗೇ ಬಿಟ್ಟು ಹಾರಿದೆ. ಹಾರಿದೆ ಅಂದರೆ ಹಾರಿದೆ, ಇಸ್ತ್ರಿ ಮೇಜಿನ ಮೇಲಿಂದ. ನಳಿಕೆಯ ಬಾಯಲ್ಲಿ ನಮ್ಮ ಕಪ್ಪು ಹೆಣ್ಣುಮಕ್ಕಳು ತಲೆಗೆ ತಲೆ ಒತ್ತಿ ತಾವೇ ಬಾಗಿಲಾಗಿ ನಿಂತಿದ್ದರು. ಒಬ್ಬೊಬ್ಬಳ ಕಾಲಿಗೂ ಸಾಸಿವೆಗಿಂತ ಸಣ್ಣ ಕೆಂಪಿರುವೆಗಳು ನಾಲ್ಕು ನಾಲ್ಕು ಜೋತುಬಿದ್ದು ಎಳೆಯುತ್ತಿದ್ದವು. ಆಗಲೇ ಎರಡು ಮರಿಗಳು ಶತ್ರುಗಳ ಹೆಗಲೇರಿ ಹೊರಟಿದ್ದವು. ನಾನು ಬಟ್ಟೆಗೆ ಗುರುತು ಹಾಕುವ ಸುಣ್ಣದ ತುಂಡಿನಿಂದ ಪೆಟ್ಟಿಗೆಯ ಸುತ್ತ ಒಂದು ಗೆರೆ ಎಳೆದೆ. ಕೆಂಪಿರುವೆಗಳು ನೋಡಿಯೂ ನೋಡದ ಹಾಗೆ ದಾಟಿದವು. ನನ್ನ ಗೆರೆಗೆ ಮರ್ಯಾದೆ ಕೊಡುವುದು ಕತ್ತರಿ ಮಾತ್ರ.

"ಅಣ್ಣಾ, ಕೈ ಇಳಿಸ್ಲಾ?" ಎಂದ ಮದುಮಗ ಹಿಂದಿನಿಂದ.

"ಇಳಿಸಿ. ಇಳಿಸಿ ಬಂದು ಈ ಮೇಜು ಎತ್ತಿ."

ಅವನು ಎತ್ತಿ ಹಿಡಿದ. ನಾನು ನಳಿಕೆಯನ್ನು ಹೊರಗೆಳೆದು, ಯಂತ್ರದ ಧೂಳು ತೆಗೆಯುವ ಬ್ರಷ್ಷಿನಿಂದ ಕೆಂಪಿರುವೆಗಳನ್ನು ಒಂದೊಂದಾಗಿ ಕೊಡವಿ, ಸೂಟಿನ ಭುಜಕ್ಕೆ ತುಂಬುವ ಹತ್ತಿಯನ್ನೇ ಹರಿದು ಬಿರಡೆ ಜಡಿದೆ. ಒದ್ದೆ ಬಟ್ಟೆಯಿಂದ ಪೆಟ್ಟಿಗೆ ಒರೆಸಿದೆ. ಬಿರುಕಿಗೆ ಸೋಪು ಮೆತ್ತಿದೆ. ಕೊನೆಗೆ ಮೇಜಿನ ನಾಲ್ಕೂ ಕಾಲಿಗೆ ಎಣ್ಣೆ ಸುರಿದೆ. ಕೆಂಪು ಪಡೆಯ ಮುಂದಿನವರು ಎಣ್ಣೆಯ ಅಂಚಿಗೆ ಬಂದು ಮೀಸೆಯಾಡಿಸಿ, ಹಿಂದಿನವರ ತಲೆ ತುಳಿದುಕೊಂಡು ಕಾಲಿಗೆ ಬುದ್ಧಿ ಹೇಳಿದರು. ಆ ಓಟಕ್ಕೆ ಮನೆಯೇ ನಡುಗಿತು. ಮದುಮಗ ಚಪ್ಪಾಳೆ ತಟ್ಟಿದ. ಅವನ ಎದೆಯ ಅಳತೆ ಎಷ್ಟೆಂಬುದು ನನಗೆ ಮರೆತೇ ಹೋಗಿತ್ತು.

ಸಂಜೆ ಹೆಂಡತಿ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಈ ಕಥೆಯನ್ನು ಎರಡು ಸಲ ಹೇಳಿದೆ. ಎರಡನೆಯ ಸಲಕ್ಕೆ ಕೋಟಿ ಎರಡಾಗಿತ್ತು. ಅವಳು ಕಿವಿಗೊಡದೆ ನಳಿಕೆಯನ್ನು ಬೆಳಕಿಗೆ ಹಿಡಿದಳು. ರಾಣಿ ಮೀಸೆ ಅಲ್ಲಾಡಿಸಿತು. ಅವಳಿಗೆ ಹೋದ ಉಸಿರು ಬಂತು. ಆಮೇಲೆ ಮೇಜಿನ ಮೇಲೆ ಬೆರಳಾಡಿಸಿದಳು. ಒಂದು ಕಡೆ ಬೆರಳು ಅಂಟಿತು. ಬೆರಳು ನೋಡಿಕೊಂಡವಳ ಮುಖ ಇಳಿದುಹೋಯಿತು.

"ನನ್ನದೇ ತಪ್ಪು ರೀ. ಬೆಳಿಗ್ಗೆ ಗಡಿಬಿಡೀಲಿ ಇವುಗಳ ಸಕ್ಕರೆ ನೀರು ಚೆಲ್ಲಿದೀನಿ. ಅದಕ್ಕೇ ಅವು ಬಂದಿರೋದು."

ತನ್ನಿಂದ ಇನ್ನು ಆಗುವುದಿಲ್ಲ, ಇವತ್ತು ಉಳಿದದ್ದೇ ಹೆಚ್ಚು, ನಾಳೆ ಲ್ಯಾಬಿನ ಗೆಳತಿಗೆ ಕೊಟ್ಟುಬಿಡುತ್ತೇನೆ, ನಿಮಗೂ ಕಾಟ ತಪ್ಪುತ್ತದೆ ಎಂದಳು. ನಾನು ಕುಣಿಯಬೇಕಿತ್ತು. ಕುಣಿಯುವ ಬದಲು ಖಾಲಿ ಎಣ್ಣೆ ಡಬ್ಬಿಯನ್ನು ಮತ್ತೆ ಮತ್ತೆ ಒರೆಸಿದೆ.

ಅವಳು ನಳಿಕೆಯನ್ನು ಪೆಟ್ಟಿಗೆಯಲ್ಲಿಟ್ಟು, ಎಡಗಡೆಯ ತಟ್ಟೆಗೆ ಹೊಸದಾಗಿ ಸಕ್ಕರೆ ನೀರು ಬಿಟ್ಟು, ಹತ್ತಿ ತೆಗೆದಳು. ಕಪ್ಪಿರುವೆಗಳು ಒಂದೊಂದಾಗಿ ಹೊರಬಂದವು. ತಟ್ಟೆಯ ಕಡೆ ಒಂದೂ ತಿರುಗಲಿಲ್ಲ. ಸೀದಾ ಬಲಗಡೆಯ ಮೂಲೆಗೆ ನಡೆದು, ಗಾಜಿಗೆ ಮುಖ ಕೊಟ್ಟು, ಮೀಸೆ ಎತ್ತಿ ಗುಂಪಾಗಿ ನಿಂತವು.

ಅವಳು ಇರುವೆಗಳನ್ನು ನೋಡಿದಳು. ನನ್ನನ್ನು ನೋಡಿದಳು.

"ನಾನು ಊಟ ಇಡೋದು ಈ ಕಡೆ. ಇವು ಯಾಕ್ರೀ ನಿಮ್ಮ ಸ್ಟೂಲಿನ ಹತ್ರ ಹೋಗಿ ಕಾಯ್ತಿವೆ?"

ಅಷ್ಟೊಂದು ಕಪ್ಪು ಸಾಕ್ಷಿಗಳ ಎದುರು ನನಗೆ ಒಂದು ಸುಳ್ಳೂ ಹೊಳೆಯಲಿಲ್ಲ.

"ದಿನಾ ಟೀ ಹೊತ್ತಿಗೆ ಮುಚ್ಚಳ ತೆಗೆದು ಕಿರುಬೆರಳಲ್ಲಿ ಒಂದ್ ಹನಿ ಜೇನು ಇಡ್ತೀನಿ," ಎಂದೆ. "ಇವತ್ತು ಆ ಮದುಮಗ ಬಂದ ಅಂತ ಅವಸರಕ್ಕೆ ಮೇಜಿನ ಮೇಲೆ ಬಿತ್ತು. ಒರೆಸಲಿಲ್ಲ. ಮುಚ್ಚಳಾನೂ ಸರಿಯಾಗಿ ಕೂರಿಸಲಿಲ್ಲ. ಕೋಟಿನೂ ಇರ್ಲಿಲ್ಲ ಬಿಡು, ಇನ್ನೂರೋ ಮುನ್ನೂರೋ."

ಅವಳು ಪೆಟ್ಟಿಗೆಯ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ.

"ಬೇರೆಯವರಿಗೆ ಕೊಡ್ಬೇಡ ಕಣೆ," ಎಂದೆ. "ಅಲ್ಲಿ ಹಿಂದೆ ಒಂದಿರುವೆ ಕಾಲೆಳೀತಾ ಬರ್ತಿದೆ ನೋಡು. ಅದು ಬರೋ ಹೊತ್ತಿಗೆ ಯಾವಾಗ್ಲೂ ಜೇನು ಮುಗಿದಿರುತ್ತೆ. ಅದಕ್ಕೇ ಅಂತ ಇನ್ನೊಂದು ಹನಿ ಇಡ್ಬೇಕು. ಅವರಿಗೆ ಅದು ಗೊತ್ತಾಗಲ್ಲ."