ದಂಟಿನ ಸಕ್ಕರೆ

ಪರದೆಯ ಮೇಲೆ ಎಪ್ಪತ್ತೆರಡು ಎಂದು ಮೂಡಿತು. ಸಂಶೋಧಕಿ ಕನ್ನಡಕ ತೆಗೆದು, ಕೋಟಿನ ಅಂಚಿನಿಂದ ಒರೆಸಿಕೊಂಡು ಮತ್ತೆ ನೋಡಿದಳು. ಎಪ್ಪತ್ತೆರಡೇ! ಜೋಳದ ದಂಟಿನ ಪುಡಿಯಲ್ಲಿ ಅಡಗಿದ್ದ ಸಕ್ಕರೆಯಲ್ಲಿ ನೂರಕ್ಕೆ ನಲವತ್ತು ಪಾಲೂ ಎರಡು ವರ್ಷದಿಂದ ಕೈಗೆ ಸಿಕ್ಕಿರಲಿಲ್ಲ. ದಂಟಿಗೆ ಗಟ್ಟಿತನ ಕೊಡುವ ಲಿಗ್ನಿನ್, ಸಕ್ಕರೆ ಬಿಡಿಸಬೇಕಾದ ದುಬಾರಿ ಕಿಣ್ವವನ್ನೇ ತನಗೆ ಅಂಟಿಸಿಕೊಂಡು ಕೂರುತ್ತಿತ್ತು. ಈ ವಾರ ದಾರಿ ಕಾಣದಿದ್ದರೆ ಪ್ರಯೋಗ ನಿಲ್ಲಿಸಿಬಿಡಿ ಎಂದು ಲ್ಯಾಬಿನ ಮುಖ್ಯಸ್ಥರು ಖಡಾಖಂಡಿತವಾಗಿ ಹೇಳಿದ್ದರು.

ಮನೆಗಳಿಗೆ ಬಣ್ಣ ಬಳಿಯುವ ಅಪ್ಪನ ಮುಂದೆ ಅವಳು ಭಾನುವಾರ ಗೋಳು ತೋಡಿಕೊಂಡಿದ್ದಳು. "ಹೊಸ ಗೋಡೆನೂ ಹಾಗೇ ಕಣಮ್ಮ, ಬಣ್ಣ ಎಲ್ಲ ಕುಡಿದುಬಿಡುತ್ತೆ. ಅದಕ್ಕೇ ನಾವು ಮೊದಲು ಅಗ್ಗದ ಪ್ರೈಮರ್ ಕುಡಿಸ್ತೀವಿ," ಎಂದಿದ್ದ ಅಪ್ಪ. ಅವಳು ಲ್ಯಾಬಿನಲ್ಲಿ ಇದನ್ನು ಹೇಳಿದಾಗ ಮುಖ್ಯಸ್ಥರು ಬಿದ್ದು ಬಿದ್ದು ನಕ್ಕಿದ್ದರು. ಅವಳು ಮಾತ್ರ ಪುಡಿಗೆ ಮೊದಲು ಅಗ್ಗದ ಸೋಯಾ ಪ್ರೋಟೀನು ಬೆರೆಸಿ, ಅದು ಲಿಗ್ನಿನ್‌ಗೆ ಅಂಟಿಕೊಂಡ ಮೇಲೆ ಕಿಣ್ವ ಹಾಕಿದ್ದಳು.

ಇನ್ನೆರಡು ಸೀಸೆಗಳನ್ನೂ ಪರೀಕ್ಷಿಸಿದಳು. ಎಪ್ಪತ್ತೊಂದು. ಎಪ್ಪತ್ತಮೂರು! "ಸಾರ್, ಬೇಗ ಬನ್ನಿ!" ಎಂದು ಅವಳು ಕೂಗಿದ್ದಕ್ಕೆ ಮುಖ್ಯಸ್ಥರು ಕುರ್ಚಿ ಬೀಳಿಸಿಕೊಂಡೇ ಓಡಿಬಂದರು. ಮೂರು ಅಂಕಿಗಳ ಮೇಲೂ ಬೆರಳಾಡಿಸಿದರು. ಅಷ್ಟರಲ್ಲಿ ಅವಳು ಅಪ್ಪನಿಗೆ ಫೋನು ಮಾಡಿದ್ದಳು. ಮುಖ್ಯಸ್ಥರು ಅದನ್ನು ಇಸಿದುಕೊಂಡರು.

"ಯಜಮಾನ್ರೇ, ನಾಳೆ ನಮ್ಮ ಲ್ಯಾಬಿಗೆ ಬರೋಕಾಗುತ್ತಾ?"

"ಬರ್ತೀನಿ ಸಾರ್. ಎಷ್ಟು ಗೋಡೆಗೆ ಬಣ್ಣ ಹೊಡೀಬೇಕು?"

"ಬಣ್ಣ ಬೇಡ ಸ್ವಾಮಿ," ಎಂದರು ಮುಖ್ಯಸ್ಥರು. "ನಮಗೊಂದು ಪಾಠ ಹೇಳ್ಕೊಡಿ."